ಹುಡುಗ ಕಾಲೇಜು ಬಿಟ್ಟ ತಿಂಗಳು

ಇಂಗ್ಲೆಂಡಿನಲ್ಲಿ ಮಕ್ಕಳ ಖರ್ಚಿಗೆ ಅಂತ ಸರ್ಕಾರ ಕೊಡುವ ದುಡ್ಡು, ಚೈಲ್ಡ್ ಬೆನಿಫಿಟ್, ನಮ್ಮ ಮಗಳಿಗೆ ನಿಂತಿದ್ದು ನಮಗೆ ಗೊತ್ತೇ ಆಗಲಿಲ್ಲ. 2024ರ ಬೇಸಿಗೆಯಲ್ಲಿ ಅವಳ ಎ ಲೆವೆಲ್, ಅಂದರೆ ನಮ್ಮ ಪಿಯುಸಿಯಂಥ ಓದು, ಮುಗಿಯಿತು. ದುಡ್ಡು ನಿಲ್ಲುವ ದಿನ ಆಗಸ್ಟ್ 31, ಅದೂ ಬಂದು ಹೋಯಿತು. ಸೆಪ್ಟೆಂಬರ್ ಕೊನೆಗೆ ಅವಳನ್ನು ಯೂನಿವರ್ಸಿಟಿಗೆ ಬಿಟ್ಟು ಬಂದೆವು. ನಾಲ್ಕು ವಾರಕ್ಕೊಮ್ಮೆ ಬ್ಯಾಂಕಿಗೆ ಬರುತ್ತಿದ್ದ ನೂರು ಚಿಲ್ಲರೆ ಪೌಂಡ್ ನಿಂತಿದೆ ಅಂತ ನಮ್ಮ ಯಜಮಾನರ ಕಣ್ಣಿಗೆ ಬೀಳುವ ಹೊತ್ತಿಗೆ ದೀಪಾವಳಿ ಹತ್ತಿರ ಬಂದಿತ್ತು. ಅದೂ ಬೇರೆ ಏನನ್ನೋ ಹುಡುಕುವಾಗ. "ಓ, ಹೌದಲ್ವಾ" ಅಂದೆ. ಅಲ್ಲಿಗೆ ಆ ಮಾತು ಮುಗಿಯಿತು. ಇಬ್ಬರ ಸಂಬಳ ಬರುವ ಮನೆ ನಮ್ಮದು. ಆ ದುಡ್ಡು ಬಂದರೂ ಅಡುಗೆಮನೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ, ನಿಂತಾಗಲೂ ಬದಲಾಗಲಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ, ಇಲ್ಲೇ ರೆಡಿಂಗ್‌ನಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಇನ್ನೊಂದು ಕನ್ನಡದ ಮನೆಯಲ್ಲಿ ಇದೇ ದುಡ್ಡು ನಿಲ್ಲುವ ಪ್ರಶ್ನೆ ಎದ್ದಿತು. ಅಲ್ಲಿ ತಾಯಿ ಮಗ ವಾರಗಟ್ಟಲೆ ಸರಿಯಾಗಿ ನಿದ್ದೆ ಮಾಡಲಿಲ್ಲ. ಎರಡೂ ಮನೆಗೆ ಒಂದೇ ಕಾನೂನು. ಎರಡೂ ಮನೆಯಲ್ಲಿ ಹೆಚ್ಚುಕಮ್ಮಿ ಒಂದೇ ವಯಸ್ಸಿನ ಮಕ್ಕಳು. ಅಂದಿನಿಂದ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ.

ಅವಳು ಹಾಸನದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದವಳು. ಈಗ ಗಂಡ ಜೊತೆಯಲ್ಲಿಲ್ಲ, ಭಾರತಕ್ಕೆ ವಾಪಸ್ ಹೋಗಿದ್ದಾನೆ, ಅಲ್ಲಿಂದ ಬಿಡಿಗಾಸೂ ಬರುವುದಿಲ್ಲ. ಒಂದು ಕೇರ್ ಹೋಮ್‌ನಲ್ಲಿ ಕೆಲಸ ಮಾಡುತ್ತಾಳೆ. ವಯಸ್ಸಾದವರನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಊಟ ಮಾಡಿಸುವ ಕೆಲಸ. ಸಂಬಳ ಸಾಲದ್ದಕ್ಕೆ ಸರ್ಕಾರದ ಸಹಾಯಧನ, ಯೂನಿವರ್ಸಲ್ ಕ್ರೆಡಿಟ್, ಸೇರುತ್ತದೆ, ಬಾಡಿಗೆಗೂ ಅದರಿಂದಲೇ ಒಂದು ಪಾಲು. ಒಬ್ಬನೇ ಮಗ. ಆಗ ಅವನಿಗೆ 17. ನಮ್ಮ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್‌ಇನಲ್ಲಿ ಒಳ್ಳೆ ಗ್ರೇಡ್ ಬಂದಿತ್ತು. ಅಮ್ಮನ ಆಸೆಯಂತೆ ಕೆಮಿಸ್ಟ್ರಿ, ಬಯಾಲಜಿ, ಮ್ಯಾಥ್ಸ್ ತೆಗೆದುಕೊಂಡ. ಎರಡನೇ ವರ್ಷದ ಹೊತ್ತಿಗೆ ಅವನ ಕೈಯಲ್ಲಿ ಆಗಲಿಲ್ಲ. ಬೆಳಿಗ್ಗೆ ಸ್ಕೂಲ್ ಬ್ಯಾಗ್ ಹಾಕಿಕೊಂಡು ಹೊರಟವನು ಬಸ್ ಸ್ಟಾಪಿನಲ್ಲೇ ಕೂತಿರುತ್ತಿದ್ದ. ಅವನಿಗೆ ವೈರಿಂಗ್ ಕೆಲಸ ಇಷ್ಟ. ಚಿಕ್ಕವನಿದ್ದಾಗಿನಿಂದ ಪ್ಲಗ್ ಬಿಚ್ಚಿ ಕೂರುತ್ತಿದ್ದ ಹುಡುಗ ಅವನು.

ಸರ್ಕಾರದ ಈ ದುಡ್ಡಿನ ಮಾತು ಇಲ್ಲಿನ ನಮ್ಮ ಜನರ ನಡುವೆ ಬರುವುದೇ ಕಡಿಮೆ. ಕಾರಣವೂ ಇದೆ. ಕೆಲಸದ ವೀಸಾದ ಮೇಲೆ ಬಂದವರಿಗೆ ಸರ್ಕಾರದ ಇಂಥ ಯಾವ ದುಡ್ಡೂ ಸಿಗುವುದಿಲ್ಲ, ವೀಸಾದಲ್ಲೇ ಹಾಗಂತ ಬರೆದಿರುತ್ತದೆ. ಐಎಲ್‌ಆರ್, ಅಂದರೆ ಇಲ್ಲೇ ಕಾಯಂ ಇರುವ ಅನುಮತಿ, ಸಿಗುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಒಬ್ಬರ ಸಂಬಳ ಮೇಲೇರಿರುತ್ತದೆ. ವರ್ಷಕ್ಕೆ 60 ಸಾವಿರ ಪೌಂಡ್ ದಾಟಿದರೆ ಚೈಲ್ಡ್ ಬೆನಿಫಿಟ್ ತೆರಿಗೆಯ ರೂಪದಲ್ಲಿ ವಾಪಸ್ ಹೋಗಲು ಶುರುವಾಗುತ್ತದೆ, 80 ಸಾವಿರಕ್ಕೆ ಪೂರ್ತಿ ಹೋಗುತ್ತದೆ. ಹಾಗಾಗಿ ಯುಗಾದಿ ಊಟಕ್ಕೆ ಸೇರಿದಾಗ ಮನೆ ಸಾಲದ ಬಡ್ಡಿ ಮಾತಾಡುತ್ತೇವೆ, ಗ್ರಾಮರ್ ಸ್ಕೂಲ್ ಮಾತಾಡುತ್ತೇವೆ. ಅದೇ ಪಂಕ್ತಿಯಲ್ಲಿ ಕೂತ ಇವಳು ಬಾಯಿ ಬಿಡುವುದಿಲ್ಲ. "ಬೆನಿಫಿಟ್ ಮೇಲೆ ಇದಾಳೆ ಅಂತ ಯಾರೂ ಅಂದ್ಕೋಬಾರದು ಅಕ್ಕ" ಅಂತ ನನಗೆ ಎಷ್ಟೋ ಸಲ ಹೇಳಿದ್ದಾಳೆ. ದಿನಾ ಬೆಳಿಗ್ಗೆ ಆರೂವರೆಗೆ ಕೆಲಸಕ್ಕೆ ಹೋಗುವ ಹೆಂಗಸು ಅವಳು.

ಒಂದು ಭಾನುವಾರದ ಲೆಕ್ಕ

ಸ್ಕೂಲಿನವರು ತಾಯಿ ಮಗ ಇಬ್ಬರನ್ನೂ ಕರೆಸಿ ಮಾತಾಡಿದ್ದರು. ಮುಂದುವರಿಸುವುದಾದರೆ ಹೀಗೆ, ಬಿಡುವುದಾದರೆ ಈ ಫಾರ್ಮ್ ಅಂತ ಹೇಳಿ ಕಳಿಸಿದ್ದರು. ಆ ಭಾನುವಾರ ಅವಳು ನನ್ನನ್ನು ಬರಹೇಳಿದಳು. ನಾನು ಅಕೌಂಟ್ಸ್‌ನಲ್ಲಿ ಕೆಲಸ ಮಾಡುವವಳು ಅನ್ನುವುದಷ್ಟೇ ನನ್ನ ಅರ್ಹತೆ. ಫ್ರೋಜನ್ ಅವರೆಕಾಳು ಹಾಕಿ ಉಪ್ಪಿಟ್ಟು ಮಾಡಿದ್ದಳು. ಅವಳ ಫೋನಿನಲ್ಲಿ ಯೂನಿವರ್ಸಲ್ ಕ್ರೆಡಿಟ್‌ನ ಆನ್‌ಲೈನ್ ಖಾತೆ, ಜರ್ನಲ್, ತೆಗೆದು, ಆ ತಿಂಗಳ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು, ನಾನು ಒಂದು ಹಾಳೆಯ ಮೇಲೆ ಬರೆಯುತ್ತಾ ಹೋದೆ.

ಮೊದಲು ಚೈಲ್ಡ್ ಬೆನಿಫಿಟ್. ಆ ವರ್ಷದ ದರ ಮೊದಲ ಮಗುವಿಗೆ ವಾರಕ್ಕೆ 25.60 ಪೌಂಡ್, ತಿಂಗಳ ಲೆಕ್ಕಕ್ಕೆ ತಂದರೆ ಹತ್ತಿರ ಹತ್ತಿರ 111. ಆಮೇಲೆ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಮಗುವಿಗೆ ಅಂತ ಕೊಡುವ ಪಾಲು. 2017ರ ಏಪ್ರಿಲ್ 6ಕ್ಕಿಂತ ಮೊದಲು ಹುಟ್ಟಿದ ಮೊದಲ ಮಗುವಾದರೆ ಆಗ ತಿಂಗಳಿಗೆ 333.33. ಇವೆರಡು ಹೋಗುತ್ತವೆ ಅಂತ ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಮೂರನೆಯದು. ಮನೆಯಲ್ಲಿ ಮಗು ಇರುವವರಿಗೆ ವರ್ಕ್ ಅಲೋಯನ್ಸ್ ಅಂತ ಇರುತ್ತದೆ. ಬಾಡಿಗೆ ಸಹಾಯವೂ ಪಡೆಯುವವರಾದರೆ ದುಡಿದ ಮೊದಲ 404 ಪೌಂಡ್ ಅನ್ನು ಆ ವರ್ಷ ಮುಟ್ಟುತ್ತಿರಲಿಲ್ಲ, ಅದರ ಮೇಲಿನ ಪ್ರತಿ ಪೌಂಡಿಗೆ 55 ಪೆನ್ಸ್‌ನಂತೆ ಕಳೆಯುತ್ತಿದ್ದರು. ಇದ್ದ ಒಬ್ಬ ಮಗನೂ ಲೆಕ್ಕದಿಂದ ಹೊರಗೆ ಹೋದರೆ ಈ ವಿನಾಯಿತಿಯೂ ಹೋಗುತ್ತದೆ. ಮೊದಲ ಪೌಂಡಿನಿಂದಲೇ ಕಡಿತ ಶುರು. ಅಂದರೆ ಅವಳು ಅದೇ ಕೆಲಸ ಮಾಡಿ, ಅದೇ ಸಂಬಳ ತಂದು, ತಿಂಗಳಿಗೆ ಇನ್ನೂ 222 ಪೌಂಡ್ ಕಳೆದುಕೊಳ್ಳುತ್ತಾಳೆ. ಮೂರನ್ನೂ ಕೂಡಿಸಿದೆ. 666 ಪೌಂಡ್ ಆಯಿತು.

ಅವಳು ಹಾಳೆ ನೋಡುತ್ತಾ ಸುಮ್ಮನೆ ಕೂತಳು. "ಬಾಡಿಗೆ ಕಟ್ಟಬಹುದು ಅಕ್ಕ. ಕರೆಂಟೂ ಕಟ್ಟಬಹುದು. ಮಿಕ್ಕಿದ್ದಕ್ಕೆ ಏನಿರುತ್ತೆ?" ಅಂದಳು. ನಾನು ಬರೆದಿದ್ದನ್ನೇ ಇನ್ನೊಮ್ಮೆ ಬರೆದೆ, ಎಲ್ಲಾದರೂ ತಪ್ಪಿರಬಹುದು ಅಂತ. ತಪ್ಪಿರಲಿಲ್ಲ.

ಅಷ್ಟರಲ್ಲಿ ಹುಡುಗ ರೂಮಿನಿಂದ ಎದ್ದು ಬಂದ. ಫ್ರಿಜ್ ಬಾಗಿಲು ತೆಗೆದು ಒಳಗೆ ನೋಡುತ್ತಾ ನಿಂತಿದ್ದ. ತಿರುಗದೆಯೇ ಕೇಳಿದ: "ಆಂಟಿ, ಟೋಟಲ್ ಎಷ್ಟು?" ಅವನಮ್ಮ "ಮೊದಲು ತಿಂಡಿ ತಿನ್ನು" ಅಂದಳು. ಅವನು ಫ್ರಿಜ್ ಮುಚ್ಚಿ ಬಂದು ಹಾಳೆ ಎತ್ತಿಕೊಂಡ. ಮೂರೂ ಸಾಲು ಓದಿದ. ಕೊನೆಯ ಸಂಖ್ಯೆಯ ಕೆಳಗೆ ನಾನು ಎರಡು ಗೆರೆ ಎಳೆದಿದ್ದೆ. "ಇಷ್ಟೂ ನನ್ನಿಂದ ಹೋಗುತ್ತಾ?" ಅಂತ ಕೇಳಿದ. ಇಬ್ಬರೂ ಉತ್ತರ ಕೊಡಲಿಲ್ಲ. "ಹಾಗಾದ್ರೆ ಬಿಡೋದು ಬೇಡ. ಸುಮ್ನೆ ಹೋಗಿ ಕೂತ್ಕೊಂಡು ಬರ್ತೀನಿ. ಆಗಸ್ಟ್ ತನಕ ತಾನೇ ಅಮ್ಮ."

"ಬೇಡ ಕಣೋ" ಅಂದಳು ಅವಳು. "ಬೇಡ. ನೀನು ದುಡ್ಡಿಗೋಸ್ಕರ ಹೋಗಿ ಕೂರೋದು ಬೇಡ." ಆಮೇಲೆ ಅವನ ತಟ್ಟೆಗೆ ಉಪ್ಪಿಟ್ಟು ಹಾಕಿದಳು. ಅವನು ತಿಂದ. 17 ವರ್ಷದ ಹುಡುಗ ಎಷ್ಟು ತಿನ್ನುತ್ತಾನೋ ಅಷ್ಟೂ ತಿಂದ, ಇನ್ನೊಂದು ಸಲ ಹಾಕಿಸಿಕೊಂಡ. ಅವನು ತಿನ್ನುವುದನ್ನು ನೋಡುತ್ತಾ ನನಗೆ ಬಂದ ಯೋಚನೆ ಒಂದೇ. ಮುಂದಿನ ಭಾನುವಾರವೂ ಇವನಿಗೆ ಇಷ್ಟೇ ಹಸಿವಾಗುತ್ತದೆ. ಫಾರ್ಮ್‌ಗೆ ಸಹಿ ಬಿದ್ದಿರಲಿ, ಬೀಳದಿರಲಿ.

ಅವನ ಕೈಗೆ ಆ ಹಾಳೆ ಸಿಗಬಾರದಿತ್ತು ಅಂತ ಅವಳು ಆಮೇಲೆ ಹೇಳಿದಳು. ನನಗೆ ಹಾಗನ್ನಿಸುವುದಿಲ್ಲ. ಅವನಿಗೆ ಗೊತ್ತಾಗಲೇಬೇಕಿತ್ತು. ಆದರೆ ಗೊತ್ತಾಗುವ ರೀತಿ ಇದಲ್ಲ. ತನಗೆ ಯಾವ ವಿಷಯ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಅಂತ ಯೋಚಿಸುತ್ತಿದ್ದ ಹುಡುಗ ಆ ಕ್ಷಣದಿಂದ ಮನೆ ಬಾಡಿಗೆಯ ಬಗ್ಗೆ ಯೋಚಿಸತೊಡಗಿದ. ನನ್ನ ಮಗಳೂ ಮೊದಲ ವರ್ಷ ಇದ್ದಕ್ಕಿದ್ದಂತೆ ಒಂದು ಸಬ್ಜೆಕ್ಟ್ ಬದಲಿಸಿದಳು. ನಾವು ವಾರಪೂರ್ತಿ ಮಾತಾಡಿದೆವು, ವಾದ ಮಾಡಿದೆವು. ಅದೆಲ್ಲ ಅವಳ ಮನಸ್ಸಿನ ಬಗ್ಗೆ, ಅವಳ ಮುಂದಿನ ದಾರಿಯ ಬಗ್ಗೆ. ದುಡ್ಡಿನ ಮಾತು ಒಮ್ಮೆಯೂ ಬರಲಿಲ್ಲ. ಯೋಚಿಸಿ ನಿರ್ಧರಿಸುವುದಕ್ಕೆ ಅವಳಿಗೆ ಸಮಯ ಇತ್ತು, ಜಾಗ ಇತ್ತು. ಈ ಹುಡುಗನಿಗೆ ಇದ್ದಿದ್ದು ಒಂದು ಸಂಖ್ಯೆ.

ದಿನಾಂಕಗಳು

ನಿಯಮ ಓದಿದರೆ ಸರಳವಾಗಿಯೇ ಕಾಣುತ್ತದೆ. 16 ತುಂಬುವ ತನಕ ಎಲ್ಲ ಮಕ್ಕಳಿಗೂ ಚೈಲ್ಡ್ ಬೆನಿಫಿಟ್ ಇದೆ. ಆಮೇಲೆ 20 ತುಂಬುವ ತನಕವೂ ಬರುತ್ತದೆ, ಆದರೆ ಒಪ್ಪಿತವಾದ ಓದು ಅಥವಾ ತರಬೇತಿಯಲ್ಲಿ ಇದ್ದರೆ ಮಾತ್ರ. ವಾರಕ್ಕೆ ಸರಾಸರಿ 12 ಗಂಟೆಗಿಂತ ಜಾಸ್ತಿ ಪಾಠ ಇರಬೇಕು, ಊಟದ ಬಿಡುವು ಮತ್ತು ಹೋಂವರ್ಕ್ ಇದರಲ್ಲಿ ಸೇರುವುದಿಲ್ಲ. ಎ ಲೆವೆಲ್ ಆಗುತ್ತದೆ, ಕಸುಬಿನ ಕಡೆಯ ಟಿ ಲೆವೆಲ್ ಆಗುತ್ತದೆ. ಡಿಗ್ರಿ ಆಗುವುದಿಲ್ಲ. ಸಂಬಳ ಪಡೆದು ಕೆಲಸ ಕಲಿಯುವ ಅಪ್ರೆಂಟಿಸ್‌ಶಿಪ್ ಆಗುವುದಿಲ್ಲ.

ಮಧ್ಯದಲ್ಲಿ ಬಿಟ್ಟರೆ ಚೈಲ್ಡ್ ಬೆನಿಫಿಟ್ ಆ ದಿನವೇ ನಿಲ್ಲುವುದಿಲ್ಲ. ಫೆಬ್ರವರಿ ಕೊನೆ, ಮೇ 31, ಆಗಸ್ಟ್ 31, ನವೆಂಬರ್ 30, ಈ ನಾಲ್ಕರಲ್ಲಿ ಮೊದಲು ಬರುವ ದಿನದ ತನಕ ಕೊಡುತ್ತಾರೆ. ಹುಡುಗನ ಹೆಸರು ಸ್ಕೂಲಿನ ಪಟ್ಟಿಯಿಂದ ಹೋಗಿದ್ದು ನವೆಂಬರ್ ಕೊನೆಯ ವಾರ. ಹಾಗಾಗಿ 30ಕ್ಕೇ ಮುಗಿಯಬೇಕು. ಡಿಸೆಂಬರ್ ಮೊದಲ ವಾರ ಹೋಗಿದ್ದರೆ ಫೆಬ್ರವರಿ ಕೊನೆಯ ತನಕ ಬರುತ್ತಿತ್ತು. ಕೆಲವೇ ದಿನದಲ್ಲಿ ಮೂರು ತಿಂಗಳ ವ್ಯತ್ಯಾಸ. ಇದನ್ನು ಆ ಮೀಟಿಂಗ್‌ನಲ್ಲಿ ಯಾರೂ ಹೇಳಲಿಲ್ಲ. ಹೇಳುವುದು ಅವರ ಕೆಲಸ ಅಂತ ಯಾರೂ ಬರೆದಿಟ್ಟಿಲ್ಲ, ಅದು ನಿಜ. ಆದರೆ ಆ ಮೇಜಿನ ಸುತ್ತ ಕೂತವರಲ್ಲಿ ಒಬ್ಬರಿಗಾದರೂ ಇದು ಗೊತ್ತಿರಬೇಕಿತ್ತು.

ಒಂದು ದಾರಿ ಉಳಿದಿತ್ತು. 16 ಅಥವಾ 17ರಲ್ಲಿ ಓದು ಬಿಟ್ಟವರು ಸರ್ಕಾರದ ಕರಿಯರ್ಸ್ ಸೇವೆಯಲ್ಲಿ ಹೆಸರು ನೋಂದಾಯಿಸಿದರೆ ಚೈಲ್ಡ್ ಬೆನಿಫಿಟ್ ಅನ್ನು 20 ವಾರ ಮುಂದುವರಿಸುತ್ತಾರೆ. ಸೇನೆಗೆ ಸೇರಲು ಹೆಸರು ಕೊಟ್ಟರೂ ಅಷ್ಟೇ. ಆದರೆ ಅದನ್ನು ತಾಯಿ ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ. ಕೇಳಿದೆವು, ಸಿಕ್ಕಿತು. ತಿಂಗಳಿಗೆ 111 ಪೌಂಡ್ ಆದರೂ ಉಳಿಯಿತಲ್ಲ ಅಂತ ಅವಳು ದೇವರಿಗೆ ಕೈ ಮುಗಿದಳು.

ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಈ 20 ವಾರವೂ ಇಲ್ಲ, ಆ ನಾಲ್ಕು ದಿನಾಂಕವೂ ಇಲ್ಲ. ಅಲ್ಲಿ ತಿಂಗಳ ಲೆಕ್ಕದ ಕೊನೆಯ ದಿನ ಪರಿಸ್ಥಿತಿ ಹೇಗಿದೆಯೋ ಇಡೀ ತಿಂಗಳು ಹಾಗೇ ಇತ್ತು ಅಂತ ಹಿಡಿಯುತ್ತಾರೆ. ಅವಳ ಲೆಕ್ಕ ಮುಗಿಯುವುದು ತಿಂಗಳ ಮೊದಲ ವಾರ. ನವೆಂಬರ್‌ನ ಬಹುಪಾಲು ದಿನ ಹುಡುಗ ಸ್ಕೂಲಿನ ಪಟ್ಟಿಯಲ್ಲೇ ಇದ್ದ. ಆದರೂ ಮಗುವಿನ ಲೆಕ್ಕದ ಆ ತಿಂಗಳ ದುಡ್ಡು ಪೂರ್ತಿ ಹೋಯಿತು. ಕ್ರಿಸ್ಮಸ್‌ಗೆ ಮುಂಚೆ ಬಂದ ಸ್ಟೇಟ್‌ಮೆಂಟ್‌ನಲ್ಲಿ ಮಗುವಿನ ಸಾಲೇ ಇರಲಿಲ್ಲ. ಅವಳು ಆ ಸ್ಕ್ರೀನಿನ ಫೋಟೋ ನನಗೆ ಕಳಿಸಿದಳು. ಕೆಳಗೆ ಏನೂ ಬರೆದಿರಲಿಲ್ಲ.

ಸಣ್ಣಪುಟ್ಟದ್ದೂ ಇದರ ಹಿಂದೆಯೇ ಬರುತ್ತದೆ. ಹುಡುಗನಿಗೆ ವೀಸಿಂಗ್ ಇದೆ, ಇನ್‌ಹೇಲರ್ ಬೇಕು. ಇಂಗ್ಲೆಂಡಿನಲ್ಲಿ 16 ದಾಟಿ 19ರ ಒಳಗಿರುವವರಿಗೆ ಫುಲ್ ಟೈಮ್ ಓದಿನಲ್ಲಿದ್ದರೆ ಮಾತ್ರ ಔಷಧಿ ಚೀಟಿ ಉಚಿತ. ಇಲ್ಲದಿದ್ದರೆ ಒಂದು ಔಷಧಿಗೆ ಆಗ 9.90 ಪೌಂಡ್. ನೀಲಿ ಒಂದು, ಕಂದು ಒಂದು, ಎರಡು ಇನ್‌ಹೇಲರ್ ಅವನಿಗೆ. ಗಂಡ ಹೆಂಡತಿ ಬೇರೆಯಾಗಿ, ಅಪ್ಪ ಇಲ್ಲಿಯೇ ಇದ್ದು ಮಗುವಿನ ಖರ್ಚು ಕೊಡುತ್ತಿರುವ ಮನೆಗಳಲ್ಲಿ ಇನ್ನೊಂದು ಪೆಟ್ಟು. ಕಾನೂನಿನ ಪ್ರಕಾರ ಅಪ್ಪ ಕೊಡಬೇಕಾದ ದುಡ್ಡಿಗೂ ಇದೇ ಗೆರೆ: 16ರ ತನಕ, ಓದುತ್ತಿದ್ದರೆ 20ರ ತನಕ. ಮಗು ಓದು ಬಿಟ್ಟರೆ ಸರ್ಕಾರದ ಜೊತೆ ಅಪ್ಪನೂ ಕೈ ಬಿಡಬಹುದು.

17 ವರ್ಷದವನು ಯಾರ ಲೆಕ್ಕ?

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟವಾಗಿದ್ದು ಇದು. 2008ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ಇಂಗ್ಲೆಂಡಿನಲ್ಲಿ ಮಕ್ಕಳು 18 ತುಂಬುವ ತನಕ ಯಾವುದಾದರೂ ಓದು ಅಥವಾ ತರಬೇತಿಯಲ್ಲಿ ಇರಲೇಬೇಕು. 2015ರಿಂದ ಅದು ಪೂರ್ತಿ ಜಾರಿಯಲ್ಲಿದೆ. ಅಂದರೆ ಸರ್ಕಾರದ ದೃಷ್ಟಿಯಲ್ಲಿ 17 ವರ್ಷದವನು ಇನ್ನೂ ಕಲಿಯುವ ಹುಡುಗ. ಅವನು ಸ್ವಂತವಾಗಿ ಯೂನಿವರ್ಸಲ್ ಕ್ರೆಡಿಟ್ ಕೇಳುವ ಹಾಗೂ ಇಲ್ಲ, ಅದಕ್ಕೆ 18 ಆಗಬೇಕು. ಅಪ್ಪ ಅಮ್ಮನ ಆಸರೆ ಇಲ್ಲದವರಂಥ ಕೆಲವರಿಗೆ ಮಾತ್ರ ವಿನಾಯಿತಿ. ವೋಟು ಇಲ್ಲ, ಬಾಡಿಗೆ ಮನೆಗೆ ಸ್ವಂತವಾಗಿ ಸಹಿ ಹಾಕುವ ಹಾಗಿಲ್ಲ. ಇಷ್ಟೆಲ್ಲದರಲ್ಲಿ ಅವನು ಚಿಕ್ಕವನು. ತಾಯಿಯ ಖರ್ಚಿನ ಲೆಕ್ಕ ಬಂದಾಗ ಮಾತ್ರ ಅವನು ಆ ಮನೆಯಲ್ಲಿ ಇಲ್ಲವೇ ಇಲ್ಲ. ಆ ಡಿಸೆಂಬರ್‌ನಲ್ಲಿ ಅವನ ಹೆಸರಿನಲ್ಲಿ ಆ ಮನೆಗೆ ಬರುತ್ತಿದ್ದಿದ್ದು ಕೇಳಿ ಪಡೆದ ಆ 20 ವಾರದ ಚೈಲ್ಡ್ ಬೆನಿಫಿಟ್ ಮಾತ್ರ.

ಓದು ಮುಂದುವರಿಸಲಿ ಅಂತಲೇ ಈ ನಿಯಮ ಇಟ್ಟಿದ್ದಾರೆ ಅಂತ ಹೇಳುವವರಿದ್ದಾರೆ. ಒಂದು ಮಟ್ಟಿಗೆ ನಾನೂ ಒಪ್ಪುತ್ತೇನೆ. ದುಡ್ಡು ನಿಲ್ಲುತ್ತದೆ ಅನ್ನುವ ಕಾರಣಕ್ಕೆ ಎಷ್ಟೋ ಮಕ್ಕಳು ಇನ್ನೊಂದು ವರ್ಷ ಹೋಗಿರಬಹುದು, ಒಳ್ಳೆಯದೂ ಆಗಿರಬಹುದು. ಆದರೆ ಓದಲಿ ಅನ್ನುವ ಆಸೆ ನಿಜವಾಗಿದ್ದರೆ ಇನ್ನೊಂದು ದಾರಿ ಇತ್ತು. ಬಡ ಮನೆಯ ಮಕ್ಕಳಿಗೆ 16ರ ಮೇಲೆ ಕಾಲೇಜಿಗೆ ಹೋದರೆ ವಾರಕ್ಕೆ 30 ಪೌಂಡ್ ತನಕ ಮಕ್ಕಳ ಕೈಗೇ ಕೊಡುತ್ತಿದ್ದರು. ಬಸ್ಸಿಗೆ, ಊಟಕ್ಕೆ ಅಂತ. ಇಂಗ್ಲೆಂಡಿನಲ್ಲಿ ಅದನ್ನು 2010ರ ಖರ್ಚು ಕಡಿತದ ಕಾಲದಲ್ಲಿ ತೆಗೆದುಹಾಕಿದರು. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ನಲ್ಲಿ ಈಗಲೂ ಇದೆ. ಓದುವವನಿಗೆ ಕೊಡುತ್ತಿದ್ದ ಸಹಾಯ ನಿಂತಿತು, ಓದು ಬಿಟ್ಟವನ ತಾಯಿಯ ಮೇಲಿನ ಹೊರೆ ಹಾಗೇ ಉಳಿಯಿತು.

ತಾಯಿಯ ಕೈಗೆ ಅಂತ ಹೋರಾಡಿದವಳು

ಈ ದುಡ್ಡು ಶುರುವಾದ ಬಗೆ ಓದುತ್ತಾ ಹೋದಾಗ ನನಗೆ ಎಲೀನರ್ ರಾತ್‌ಬೋನ್ ಸಿಕ್ಕಳು. ಲಿವರ್‌ಪೂಲ್‌ನ ಮನೆತನದವಳು, ಯಾವ ಪಕ್ಷಕ್ಕೂ ಸೇರದ ಸಂಸದೆ. 1930ರ ದಶಕದಲ್ಲಿ ಭಾರತಕ್ಕೂ ಬಂದಿದ್ದಳು, ನಮ್ಮಲ್ಲಿನ ಬಾಲ್ಯವಿವಾಹದ ಬಗ್ಗೆ ಪುಸ್ತಕವನ್ನೇ ಬರೆದಳು. ಅವಳ ಮಾತಿನ ಧಾಟಿ ಭಾರತದ ಹೆಣ್ಣುಮಕ್ಕಳಿಗೆ ಹಿಡಿಸಲಿಲ್ಲ, ಎದುರಿಗೇ ಹೇಳಿದರು. ಆ ಜಗಳದಲ್ಲಿ ನಾನು ನಮ್ಮವರ ಕಡೆ. ಆದರೆ ಮಕ್ಕಳ ಖರ್ಚಿನ ವಿಷಯದಲ್ಲಿ ಅವಳು ಹಿಡಿದ ಹಟಕ್ಕೆ ನಾನು ತಲೆಬಾಗುತ್ತೇನೆ. ಮಕ್ಕಳನ್ನು ಸಾಕುವುದು ಒಂದು ಕೆಲಸ, ಅದಕ್ಕೆ ಸಮಾಜ ದುಡ್ಡು ಕೊಡಬೇಕು, ಅದು ತಾಯಿಯ ಕೈಗೇ ಹೋಗಬೇಕು ಅಂತ ದಶಕಗಳ ಕಾಲ ಹೇಳಿದಳು. 1945ರಲ್ಲಿ ಕಾಯ್ದೆ ಬಂದಾಗ ಮೊದಲು ತಂದೆಗೆ ಕೊಡುವುದು ಅಂತಿತ್ತು. ಅವಳು ಪಟ್ಟು ಹಿಡಿದು ಅದನ್ನು ತಾಯಿಗೆ ಅಂತ ಬದಲಿಸಿದಳು. ಎರಡನೇ ಮಗುವಿನಿಂದ ವಾರಕ್ಕೆ 5 ಶಿಲ್ಲಿಂಗ್. ಮೊದಲ ಕಂತು ಕೈಗೆ ಬಂದಿದ್ದು 1946ರ ಆಗಸ್ಟ್‌ನಲ್ಲಿ. ಅದನ್ನು ನೋಡುವುದಕ್ಕೆ ಅವಳಿರಲಿಲ್ಲ, ಆ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದಳು. ಮೊದಲ ಮಗುವಿಗೂ ಸೇರಿ ಈಗಿನ ಚೈಲ್ಡ್ ಬೆನಿಫಿಟ್ ಬಂದಿದ್ದು 1977ರಲ್ಲಿ.

ಆ ಹಳೆ ಕಾಯ್ದೆಯಲ್ಲಿ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಶಾಲೆಯ ಕಡ್ಡಾಯ ವಯಸ್ಸು ಮುಗಿದ ಮೇಲೂ 16ರ ತನಕ ಕೊಡುವುದು ಅಂತಿತ್ತು. ಯಾರಿಗೆ? ಶಾಲೆಯಲ್ಲಿ ಮುಂದುವರಿದ ಮಕ್ಕಳಿಗೆ, ಮತ್ತು ಅಪ್ರೆಂಟಿಸ್ ಮಕ್ಕಳಿಗೆ. ಕೆಲಸ ಕಲಿಯುವುದೂ ಕಲಿಕೆಯೇ ಅಂತ ಯುದ್ಧ ಮುಗಿದ ವರ್ಷ ಈ ದೇಶ ಒಪ್ಪಿತ್ತು. ಈಗ ಒಪ್ಪುವುದಿಲ್ಲ.

ಊರಿನ ಕಡೆ ನೋಡಿದಾಗಲೂ ಇದೇ ನೆನಪಾಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಹೋಗುತ್ತದೆ. ಮಗ ಕಾಲೇಜಿಗೆ ಹೋಗುತ್ತಾನಾ ಇಲ್ಲವಾ ಅಂತ ಅದು ಕೇಳುವುದಿಲ್ಲ. ಅದು ನನಗೆ ಇಷ್ಟ. ಆದರೆ ಯುವನಿಧಿ ನೋಡಿ. ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದ ತನಕ. ಪಿಯುಸಿ ಮಧ್ಯದಲ್ಲಿ ಬಿಟ್ಟು ಗ್ಯಾರೇಜಿನಲ್ಲೋ ಮೊಬೈಲ್ ರಿಪೇರಿ ಅಂಗಡಿಯಲ್ಲೋ ಕೆಲಸ ಕಲಿಯುತ್ತಿರುವ ಹುಡುಗನಿಗೆ ಅದು ಸಿಗುವುದಿಲ್ಲ. ಸಹಾಯ ಓದು ಮುಗಿಸಿದವನಿಗೆ. ಮಧ್ಯದಲ್ಲಿ ಇಳಿದವನು ಅಲ್ಲಿಯೂ ಹೊರಗೇ.

ಒಂದೇ ಕೆಲಸ, ಎರಡು ದಾರಿ

ಜನವರಿಯಲ್ಲಿ ಹುಡುಗನಿಗೆ ಹತ್ತಿರದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಕೋರ್ಸ್‌ಗೆ ಸೀಟು ಸಿಕ್ಕಿತು. ಫುಲ್ ಟೈಮ್, ಲೆವೆಲ್ 2. ಕಾಲೇಜಿನ ಪತ್ರವನ್ನು ಜರ್ನಲ್‌ಗೆ ಹಾಕಿದಳು. ಮಗುವಿನ ಸಾಲು ಸ್ಟೇಟ್‌ಮೆಂಟ್‌ಗೆ ವಾಪಸ್ ಬಂತು, ವರ್ಕ್ ಅಲೋಯನ್ಸ್ ಕೂಡ. ಆ ನಡುವೆ ಏರಿದ ಕ್ರೆಡಿಟ್ ಕಾರ್ಡ್ ಸಾಲ ಮಾತ್ರ ಹಾಗೇ ನಿಂತಿತು. ಹುಡುಗ ಬೆಳಿಗ್ಗೆ ಅಲಾರಂ ಇಲ್ಲದೆ ಏಳತೊಡಗಿದ. ಒಂದು ಸಂಜೆ ನಮ್ಮ ಮನೆಗೆ ಬಂದು ಮೆಟ್ಟಿಲ ಹತ್ತಿರದ ಟೂ-ವೇ ಸ್ವಿಚ್ ಹೇಗೆ ಕೆಲಸ ಮಾಡುತ್ತದೆ ಅಂತ ಪೇಪರ್ ಮೇಲೆ ಬರೆದು ತೋರಿಸಿದ. ಮೂರು ತಂತಿ, ಎರಡು ಸ್ವಿಚ್, ಒಂದು ಬಲ್ಬ್. ಕೆಳಗೆ ಹಾಕಿದ್ದನ್ನು ಮೇಲೆ ಹೋಗಿ ಆರಿಸುವಾಗ ಕರೆಂಟು ಯಾವ ತಂತಿಯಿಂದ ಯಾವ ತಂತಿಗೆ ದಾಟುತ್ತದೆ ಅಂತ ಬೆರಳಿಟ್ಟು ವಿವರಿಸಿದ. ಬಸ್ ಸ್ಟಾಪಿನಲ್ಲಿ ಕೂತಿರುತ್ತಿದ್ದ ಹುಡುಗ ಇವನೇನಾ ಅನ್ನಿಸಿತು.

ಬೇಸಿಗೆ ಹೊತ್ತಿಗೆ ಒಬ್ಬ ಕಂಟ್ರಾಕ್ಟರ್ ಅವನನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಲು ಒಪ್ಪಿದ. ಅದೇ ಕಾಲೇಜು, ಅದೇ ಮೇಷ್ಟ್ರು. ವಾರಕ್ಕೊಂದು ದಿನ ಪಾಠ, ಮಿಕ್ಕ ದಿನ ಸೈಟಿನಲ್ಲಿ ಕೆಲಸ. ಈ ಕಸುಬಿನಲ್ಲಿ ನಿಜವಾಗಿ ತಯಾರಾಗುವುದು ಹಾಗೆಯೇ, ಎಲ್ಲರೂ ಹೇಳುವುದು ಅದನ್ನೇ. ಮತ್ತೆ ಅದೇ ಹಾಳೆ ತೆಗೆದು ಕೂತೆವು. 2025ರ ಏಪ್ರಿಲ್‌ನಿಂದ ದರ ಸ್ವಲ್ಪ ಏರಿತ್ತು, ಈ ಸಲ ಹೋಗುವುದು ತಿಂಗಳಿಗೆ 678 ಪೌಂಡ್. ಅವನಿಗೆ 18 ಆಗುವುದರಿಂದ ಇನ್ನೊಂದು ಸೇರಿತು. ಒಬ್ಬರೇ ದೊಡ್ಡವರಿರುವ ಮನೆಗೆ ಊರಿನ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ಕಾಲು ಭಾಗ ಬಿಡುತ್ತಾರೆ. ಅಪ್ರೆಂಟಿಸ್ ಆದವನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಅವನ ಸಂಬಳ ವಾರಕ್ಕೆ 195 ಪೌಂಡ್ ದಾಟಬಾರದು. ಅಪ್ರೆಂಟಿಸ್‌ನ ಕನಿಷ್ಠ ಕೂಲಿ ಆ ವರ್ಷ ಗಂಟೆಗೆ 7.55 ಇತ್ತು. ವಾರಕ್ಕೆ 26 ಗಂಟೆ ದುಡಿದರೆ ಆ ಮಿತಿ ದಾಟಿ ಹೋಗುತ್ತಿತ್ತು. ಇವನದು 37 ಗಂಟೆ. ಹಾಗಾಗಿ ಆ ವಿನಾಯಿತಿಯೂ ಉಳಿಯುವುದಿಲ್ಲ.

ಅವನು ದುಡಿಯುತ್ತಾನಲ್ಲ, ಅಮ್ಮನಿಗೆ ಕೊಟ್ಟರಾಯಿತು ಅನ್ನಬಹುದು. ಯಜಮಾನರು ಅದನ್ನೇ ಅಂದರು. ಲೆಕ್ಕ ಹಾಕಿದೆ. ತೆರಿಗೆ ಕಳೆದು ಅವನ ಕೈಗೆ ತಿಂಗಳಿಗೆ ಹೆಚ್ಚುಕಮ್ಮಿ 1,165 ಪೌಂಡ್ ಬರುತ್ತದೆ. ಬಸ್ಸು, ಬೂಟು, ಸ್ವಂತದ ಟೂಲ್ಸ್ ಅದರಲ್ಲೇ. ಅಮ್ಮ ಕಳೆದುಕೊಂಡಿದ್ದನ್ನು ತುಂಬಬೇಕಾದರೆ ಅವನು ಅರ್ಧಕ್ಕಿಂತ ಜಾಸ್ತಿ ಮನೆಗೆ ಕೊಡಬೇಕು. ನಮ್ಮ ಕಡೆಯ ಮಕ್ಕಳು ಕೊಡುತ್ತಾರೆ, ಅದು ನನಗೆ ಗೊತ್ತು. ಮೊದಲ ಸಂಬಳ ತಂದು ಅಮ್ಮನ ಕೈಗಿಟ್ಟು ಕಾಲಿಗೆ ಬೀಳುವುದು ಇವತ್ತಿಗೂ ಇದೆ. ಆದರೆ ಪ್ರೀತಿಯಿಂದ ಕೊಡುವುದೇ ಬೇರೆ, ಕೊಡದಿದ್ದರೆ ಬಾಡಿಗೆ ನಿಲ್ಲುತ್ತದೆ ಅಂತ ಕೊಡುವುದೇ ಬೇರೆ. ತಾಯಿಯ ಕೈಯಲ್ಲಿ ಒಂದು ಹಕ್ಕಾಗಿ ಇದ್ದ ದುಡ್ಡನ್ನು ಈಗ ಅವಳು 18 ವರ್ಷದ ಮಗನ ಹತ್ತಿರ ಕೇಳಬೇಕು. ಅವಳು ಕೇಳುವುದಿಲ್ಲ. ಅದರ ಬದಲು ಎರಡು ನೈಟ್ ಶಿಫ್ಟ್ ಜಾಸ್ತಿ ತೆಗೆದುಕೊಂಡಳು.

ಅಪ್ರೆಂಟಿಸ್ ಮಕ್ಕಳಿರುವ ಬಡ ಮನೆಗಳಿಗೆ ಈ ದುಡ್ಡನ್ನು ಒಮ್ಮೆಲೇ ನಿಲ್ಲಿಸಬಾರದು. ಮೊದಲ ವರ್ಷವಾದರೂ ಕೊಡಬೇಕು, ಅಥವಾ ಮೆಲ್ಲಗೆ ಇಳಿಸಬೇಕು. 17ರಲ್ಲಿ ಓದು ನಿಂತ ಮಗುವಿಗೆ ಮುಂದಿನ ದಾರಿ ಹುಡುಕುವ ತನಕ, 18 ತುಂಬುವವರೆಗಾದರೂ, ತಾಯಿಯ ಲೆಕ್ಕದಿಂದ ಅವನನ್ನು ತೆಗೆಯಬಾರದು. ಇದು ದೊಡ್ಡ ಬೇಡಿಕೆ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಸಂಸದರಿಗೆ ಹೀಗೇ ಬರೆದು ಕಳಿಸಿದ್ದೇನೆ, ಹೆಸರು ಹೇಳದೆ, ಆ ಮೂರು ಸಾಲಿನ ಲೆಕ್ಕದ ಸಮೇತ.

ಇದನ್ನು ಓದುವವರಲ್ಲಿ ಯಾರಿಗಾದರೂ ಗೊತ್ತಿರುವ ಮನೆಯಲ್ಲಿ ಮಗುವಿನ ಓದು ಅಲುಗಾಡುತ್ತಿದ್ದರೆ, ಫಾರ್ಮ್‌ಗೆ ಸಹಿ ಹಾಕುವ ಮುಂಚೆ ಸಿಟಿಜನ್ಸ್ ಅಡ್ವೈಸ್ ಅನ್ನುವ ಸಲಹಾ ಸಂಸ್ಥೆಗೆ ಹೋಗಲಿ. ಅಲ್ಲಿ ದುಡ್ಡು ಕೇಳುವುದಿಲ್ಲ. ಬಿಡುವ ದಿನಾಂಕ ಯಾವುದಿರಬೇಕು ಅಂತ ಕೇಳಲಿ. 12 ಗಂಟೆ ದಾಟುವ ಬೇರೆ ಕೋರ್ಸ್ ಹತ್ತಿರದ ಕಾಲೇಜಿನಲ್ಲಿ ಇದೆಯಾ, ವರ್ಷದ ಮಧ್ಯೆ ಸೇರಿಸಿಕೊಳ್ಳುತ್ತಾರಾ ಅಂತ ಮೊದಲೇ ವಿಚಾರಿಸಲಿ. 20 ವಾರದ ಮುಂದುವರಿಕೆಯನ್ನು ತಪ್ಪದೆ ಕೇಳಲಿ. ಬದಲಾವಣೆ ಆದ ತಕ್ಷಣ ಎರಡೂ ಕಡೆ ತಿಳಿಸಲಿ. ಚೈಲ್ಡ್ ಬೆನಿಫಿಟ್ ಒಂದು ಇಲಾಖೆ, ಯೂನಿವರ್ಸಲ್ ಕ್ರೆಡಿಟ್ ಇನ್ನೊಂದು ಇಲಾಖೆ. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಹೋಗುತ್ತದೆ ಅಂತ ನಂಬಿ ಕೂತರೆ ಜಾಸ್ತಿ ಬಂದ ದುಡ್ಡನ್ನು ಆಮೇಲೆ ಕಂತಿನಲ್ಲಿ ವಾಪಸ್ ಕಟ್ಟಬೇಕಾಗುತ್ತದೆ. ಇಂಗ್ಲಿಷ್ ಪತ್ರ ಓದುವುದು ಕಷ್ಟ, ಜೊತೆಗೆ ಯಾರಾದರೂ ಬೇಕು ಅನ್ನುವವರು ರೆಡಿಂಗ್ ಸುತ್ತಮುತ್ತ ಇದ್ದರೆ ನನಗೆ ಒಂದು ಮಾತು ಹೇಳಿ. ಶನಿವಾರ ಮಧ್ಯಾಹ್ನದ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.